ಜಾಲತಾಣದ ಚೌಕಿ: ಏರ್ಪಾಡು ಪಟ್ಟಿಯನ್ನು ಓದಿಸುವ ಬಗೆ

ಒಂದೇ ಪ್ರಸಂಗವನ್ನು ಬೇರೆ ಬೇರೆ ಊರುಗಳಲ್ಲಿ ಆಡುವುದನ್ನು ನಮ್ಮ ಓದುಗರೆಲ್ಲರೂ ಕಂಡವರೇ. ಕಥೆ ಅದೇ, ಪದ್ಯ ಅದೇ. ಆದರೆ ಈ ಹೊತ್ತಿನ ಆಟ ಬೆಳಗಿನ ತನಕ ನಡೆಯತಕ್ಕದ್ದೋ ಕಾಲಮಿತಿಯದ್ದೋ, ಯಾವ ವೇಷ ಯಾರ ಪಾಲಿಗೆ, ಯಾವ ಪದ್ಯವನ್ನು ಬಿಡಬಹುದು ಎಂಬುದೆಲ್ಲ ಪ್ರಸಂಗದ ಪುಸ್ತಕದಲ್ಲಿ ಬರೆದಿರುವುದಿಲ್ಲ. ಅದು ಚೌಕಿಯಲ್ಲಿ ತೀರ್ಮಾನವಾಗುವ ವಿಷಯ. ಪುಸ್ತಕವನ್ನು ತಿದ್ದದೆಯೇ ಆಟವನ್ನು ಊರಿಗೂ ಹೊತ್ತಿಗೂ ಹೊಂದಿಸುವ ಜಾಣ್ಮೆ ಭಾಗವತರದ್ದು.

ಗಣಕಯಂತ್ರದ ಲೋಕದಲ್ಲಿಯೂ ಇಂಥದೇ ಒಂದು ಚೌಕಿ ಉಂಟು. ವೆಬ್ ಅಪ್ಲಿಕೇಶನ್ ಎಂದು ಕರೆಯಲ್ಪಡುವ ಜಾಲತಾಣದ ಪ್ರೋಗ್ರಾಮು ಒಂದೇ ಆದರೂ ಅದು ಓಡುವ ಸ್ಥಳ ಹಲವು. ಬರೆದವನ ಲ್ಯಾಪ್‌ಟಾಪಿನಲ್ಲಿ ಒಮ್ಮೆ, ಪರೀಕ್ಷೆಗೆಂದಿರುವ ಯಂತ್ರದಲ್ಲಿ ಒಮ್ಮೆ, ಕೊನೆಗೆ ಸಾರ್ವಜನಿಕರಿಗೆ ತೆರೆದ ಸರ್ವರಿನಲ್ಲಿ. ಪ್ರತಿಯೊಂದು ಕಡೆಯಲ್ಲೂ ಡೇಟಾಬೇಸಿನ ವಿಳಾಸ ಬೇರೆ, ಗುಟ್ಟಿನ ಪದ ಬೇರೆ, ಪತ್ರ ಕಳುಹಿಸುವ ವ್ಯವಸ್ಥೆ ಬೇರೆ. ಹೀಗೆ ಸ್ಥಳದಿಂದ ಸ್ಥಳಕ್ಕೆ ಬದಲಾಗುವ ಸಂಗತಿಗಳ ಪಟ್ಟಿಗೆ ಕಾನ್ಫಿಗರೇಶನ್ ಎಂದು ಹೆಸರು. ನಾವು ಇಲ್ಲಿ ಅದನ್ನು ಏರ್ಪಾಡು ಪಟ್ಟಿ ಎನ್ನೋಣ. ಆ ಪಟ್ಟಿಯನ್ನು ಹುಡುಕಿ, ಓದಿ, ತಾಳೆ ನೋಡಿ, ಪ್ರೋಗ್ರಾಮಿನ ಕೈಗೆ ಕೊಡುವ ಸಣ್ಣ ಭಾಗವೇ ಲೋಡರ್.

ಸಣ್ಣದೆಂದು ಇದನ್ನು ಕಡೆಗಣಿಸುವಂತಿಲ್ಲ. ಜಗತ್ತಿನ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಮಲಗಿದ ಪ್ರಸಂಗಗಳಲ್ಲಿ ಕೆಲವಕ್ಕೆ ಮೂಲ ಇಲ್ಲಿಯೇ ಇತ್ತು. ನಮ್ಮ ಜಿಲ್ಲೆಯಲ್ಲೂ ಈಗ ಎಷ್ಟೋ ಯುವಕ ಯುವತಿಯರು ಮನೆಯಲ್ಲೇ ಕುಳಿತು ಈ ಕೆಲಸದಿಂದ ಜೀವನ ಸಾಗಿಸುತ್ತಿದ್ದಾರೆ. ಅವರಿಗೆ ಉಪಯೋಗವಾದೀತು, ಉಳಿದವರಿಗೆ ತಿಳಿದಂತಾದೀತು ಎಂದು ಈ ವಿಚಾರವನ್ನು ತುಸು ವಿವರವಾಗಿಯೇ ಎತ್ತಿಕೊಂಡಿದ್ದೇವೆ.

ಉದಾಹರಣೆಗೆ ಒಂದು ಊರಿನ ವಾಚನಾಲಯವನ್ನು ಕಲ್ಪಿಸಿಕೊಳ್ಳೋಣ. ಅದರ ಜಾಲತಾಣದಲ್ಲಿ ಪುಸ್ತಕ ಹುಡುಕಬಹುದು, ಎರವಲು ಕೇಳಬಹುದು. ಏರ್ಪಾಡು ಪಟ್ಟಿಯಲ್ಲಿರುವುದು ಇಷ್ಟು: ಡೇಟಾಬೇಸಿನ ವಿಳಾಸ ಮತ್ತು ಗುಟ್ಟಿನ ಪದ, ಎರವಲಿನ ಅವಧಿ 14 ದಿನ, ಬಾಗಿಲು ಹಾಕುವ ಹೊತ್ತು 20:30, ದೂರವಾಣಿ ಸಂಖ್ಯೆ, ಹಾಗೂ ಪುಟಗಳು ತೋರಬೇಕಾದ ಭಾಷೆಗಳು: ಕನ್ನಡ, ಮಲೆಯಾಳ, ಇಂಗ್ಲಿಷ್.

ಪ್ರೋಗ್ರಾಮಿನೊಳಗೇ ಬರೆದರೇನು?

ಇಷ್ಟು ಚಿಕ್ಕ ಪಟ್ಟಿಯನ್ನು ಪ್ರೋಗ್ರಾಮಿನೊಳಗೇ ಬರೆದುಬಿಟ್ಟರೆ ಆಗದೇ ಎಂದು ಯಾರಾದರೂ ಕೇಳಿಯಾರು. ಆಗುತ್ತದೆ, ಒಂದು ದಿನದ ಮಟ್ಟಿಗೆ. ಬಾಗಿಲು ಹಾಕುವ ಹೊತ್ತು ಬದಲಾದರೆ ಪ್ರೋಗ್ರಾಮನ್ನೇ ತಿದ್ದಿ ಮತ್ತೊಮ್ಮೆ ಏರಿಸಬೇಕು ಎಂಬುದು ಸಣ್ಣ ತೊಂದರೆ. ಗುಟ್ಟಿನ ಪದವು ಪ್ರೋಗ್ರಾಮಿನ ಜೊತೆ ಎಲ್ಲೆಲ್ಲಿ ಪ್ರತಿಯಾಗುತ್ತದೋ ಅಲ್ಲೆಲ್ಲ ಹೋಗುತ್ತದೆ ಎಂಬುದು ದೊಡ್ಡ ತೊಂದರೆ. 2016ರಲ್ಲಿ ಊಬರ್ ಸಂಸ್ಥೆಯ ಪ್ರೋಗ್ರಾಮುಗಳನ್ನು ಇರಿಸಿದ್ದ ಗಿಟ್‌ಹಬ್ಬಿನ ಖಾಸಗಿ ಕಪಾಟಿನೊಳಗೆ ಕಳ್ಳರು ಹೊಕ್ಕರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಸಂಸ್ಥೆಯ ದಾಸ್ತಾನಿನ ಕೀಲಿಕೈ. ಸುಮಾರು 5 ಕೋಟಿ 70 ಲಕ್ಷ ಜನರ ವಿವರ ಹೊರಬಿದ್ದ ಆ ಸಂಗತಿ ಲೋಕಕ್ಕೆ ಗೊತ್ತಾದದ್ದು 2017ರ ನವೆಂಬರಿನಲ್ಲಿ. ಖಾಸಗಿ ಕಪಾಟು ಎಂಬ ಧೈರ್ಯ ಎಷ್ಟರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆರೋಕು ಸಂಸ್ಥೆಯ ಆಡಂ ವಿಗ್ಗಿನ್ಸ್ 2011ರಲ್ಲಿ ಪ್ರಕಟಿಸಿದ ಹನ್ನೆರಡು ಸೂತ್ರಗಳು ಈ ಕಸುಬಿನವರಿಗೆಲ್ಲ ಪರಿಚಿತ. ಅದರ ಮೂರನೆಯ ಸೂತ್ರ ಇದೇ ವಿಷಯದ್ದು. ಈ ಕ್ಷಣವೇ ನಿಮ್ಮ ಪ್ರೋಗ್ರಾಮನ್ನು ಊರಿಗೆಲ್ಲ ಹಂಚಿದರೆ ಯಾವ ಗುಟ್ಟಾದರೂ ಹೊರಬೀಳುತ್ತದೆಯೇ? ಬೀಳುತ್ತದೆ ಎಂದಾದರೆ ಏರ್ಪಾಡು ಇನ್ನೂ ಪ್ರೋಗ್ರಾಮಿನಿಂದ ಬೇರೆಯಾಗಿಲ್ಲ ಎಂದರ್ಥ. ಇದಕ್ಕಿಂತ ಸರಳವಾದ ಒರೆಗಲ್ಲು ನಮಗೆ ತಿಳಿದಿಲ್ಲ.

ಸಿದ್ಧವಾದದ್ದು ಇರುವಾಗ ಸ್ವಂತದ್ದು ಯಾಕೆ?

ಸ್ಪ್ರಿಂಗ್ ಬೂಟ್, ಎ.ಎಸ್.ಪಿ. ಡಾಟ್‌ನೆಟ್ ಕೋರ್, ಲಾರವೆಲ್ ಮುಂತಾದ ಚೌಕಟ್ಟುಗಳಲ್ಲಿ ಏರ್ಪಾಡು ಪಟ್ಟಿಯನ್ನು ಓದುವ ಸಾಧನ ಸಿದ್ಧವಾಗಿಯೇ ಉಂಟು. ಜ್ಯಾಂಗೋ ಎಂಬುದರಲ್ಲಂತೂ ಆ ಪಟ್ಟಿಯೇ ಒಂದು ಪೈಥಾನ್ ಪ್ರೋಗ್ರಾಮು. ಸಿದ್ಧವಾದದ್ದು ಸಾಕಾಗುವಲ್ಲಿ ಸ್ವಂತದ್ದನ್ನು ಬರೆಯಬಾರದು. ಇದು ನಮ್ಮ ಮೊದಲ ಮಾತು. ಗದ್ದೆಗೆ ನೀರು ಬರುತ್ತಿರುವಾಗ ಬಾವಿ ತೋಡುವುದು ಶ್ರಮವೇ ಹೊರತು ಬೇಸಾಯವಲ್ಲ.

ಆದರೆ ಮೂರು ಸಂದರ್ಭಗಳಲ್ಲಿ ಸ್ವಂತದ್ದು ಬೇಕಾಗುತ್ತದೆ. ವಿವರಗಳು ಹಲವು ಮೂಲಗಳಿಂದ ಬರುವಾಗ, ಎಂದರೆ ಕೆಲವು ಕಡತದಿಂದ, ಕೆಲವು ಸರ್ವರಿನ ಪರಿಸರದಿಂದ, ಕೆಲವು ಡೇಟಾಬೇಸಿನಿಂದ ಬರುವಾಗ ಒಂದು. ಯಾವ ಬೆಲೆ ಎಲ್ಲಿಂದ ಬಂತೆಂದು ಹೇಳಬಲ್ಲ ವ್ಯವಸ್ಥೆ ಬೇಕಾದಾಗ ಎರಡು. ನಮ್ಮ ಕೆಲಸಕ್ಕೆ ಮಾತ್ರ ಸಂಬಂಧಿಸಿದ ನಿಯಮಗಳನ್ನು ಆರಂಭದಲ್ಲೇ ತಾಳೆ ನೋಡಬೇಕಾದಾಗ ಮೂರು. ಹೀಗೆ ಬರೆಯಹೊರಟರೂ ಅದು ನೂರಿನ್ನೂರು ಸಾಲನ್ನು ಮೀರಬೇಕಾಗಿಲ್ಲ. ಕಡತದ ಅಕ್ಷರಗಳನ್ನು ಬಿಡಿಸುವ ಕೆಲಸವನ್ನು ಮಾತ್ರ ಎಂದೂ ಸ್ವಂತ ಕೈಯಿಂದ ಮಾಡತಕ್ಕದ್ದಲ್ಲ. ಅದಕ್ಕೆ ನಂಬಲರ್ಹವಾದ ಗ್ರಂಥಾಲಯಗಳು ಇವೆ. ಪೈಥಾನಿನಲ್ಲಿ 2022ರ 3.11ನೇ ಆವೃತ್ತಿಯಿಂದ ಟಾಮಲ್ ಕಡತವನ್ನು ಓದುವ ಸಾಧನ ಭಾಷೆಯ ಜೊತೆಗೇ ಬರುತ್ತದೆ.

ಪದರದ ಮೇಲೆ ಪದರ

ಲೋಡರಿನ ಮುಖ್ಯ ಕೆಲಸ ಪದರಗಳನ್ನು ಜೋಡಿಸುವುದು. ಅಡಿಯಲ್ಲಿ ಪ್ರೋಗ್ರಾಮಿನವನೇ ಇಟ್ಟ ಸಾಮಾನ್ಯ ಬೆಲೆಗಳು. ಅದರ ಮೇಲೆ ಎಲ್ಲ ಸ್ಥಳಗಳಿಗೂ ಸಮಾನವಾದ ಕಡತ. ಅದರ ಮೇಲೆ ಆ ಸ್ಥಳಕ್ಕೆ ಮಾತ್ರ ಸಂಬಂಧಿಸಿದ ಕಡತ. ಅದಕ್ಕೂ ಮೇಲೆ ಸರ್ವರಿನ ಪರಿಸರದ ಬೆಲೆಗಳು. ಎಲ್ಲಕ್ಕೂ ಮೇಲೆ ಪ್ರೋಗ್ರಾಮನ್ನು ಎಬ್ಬಿಸುವಾಗ ಕೊಟ್ಟ ಆಜ್ಞೆ. ಮೇಲಿನದು ಕೆಳಗಿನದನ್ನು ಮುಚ್ಚುತ್ತದೆ. ಕ್ರಮ ಹೀಗೆಯೇ ಇರಬೇಕೆಂದೇನೂ ಇಲ್ಲ. ಆದರೆ ಒಂದು ಕ್ರಮ ಇರಬೇಕು, ಅದು ಬರಹದಲ್ಲಿರಬೇಕು, ಮತ್ತು ಅದಕ್ಕೆ ಅಪವಾದವಿರಬಾರದು.

ಮುಚ್ಚುವುದು ಎಂದೆವು. ಎಷ್ಟನ್ನು ಮುಚ್ಚುವುದು ಎಂಬಲ್ಲಿಯೇ ತಕರಾರು ಹುಟ್ಟುತ್ತದೆ. ಕೆಳಗಿನ ಪದರದಲ್ಲಿ ಡೇಟಾಬೇಸ್ ಎಂಬ ತಲೆಬರಹದಡಿ ವಿಳಾಸ, ದ್ವಾರಸಂಖ್ಯೆ, ಹೆಸರು ಎಂದು ಮೂರು ಸಾಲುಗಳಿವೆ ಎನ್ನೋಣ. ಮೇಲಿನ ಪದರದಲ್ಲಿ ಅದೇ ತಲೆಬರಹದಡಿ ವಿಳಾಸವೊಂದೇ ಇದೆ. ಪೈಥಾನಿನ ಸಾಮಾನ್ಯ ಜೋಡಣೆಯನ್ನು ಬಳಸಿದರೆ ತಲೆಬರಹವೇ ಬದಲಾಗಿ ಉಳಿದೆರಡು ಸಾಲುಗಳು ಮಾಯವಾಗುತ್ತವೆ. ಆದುದರಿಂದ ಒಳಒಳಗೆ ಇಳಿದು ಸಾಲುಸಾಲಾಗಿ ಜೋಡಿಸಬೇಕು.

ಸರಿ, ಸಾಲುಗಳ ಮಾತು ಮುಗಿಯಿತು, ಪಟ್ಟಿಗಳ ಗತಿಯೇನು? ಇಲ್ಲಿ ಹೆಸರುವಾಸಿಯಾದ ಚೌಕಟ್ಟುಗಳಲ್ಲೇ ಒಮ್ಮತವಿಲ್ಲ. ಸ್ಪ್ರಿಂಗ್ ಬೂಟ್ ಮೇಲಿನ ಪಟ್ಟಿಯನ್ನು ಇಡಿಯಾಗಿ ತೆಗೆದುಕೊಂಡು ಕೆಳಗಿನದನ್ನು ಬಿಡುತ್ತದೆ. ಡಾಟ್‌ನೆಟ್ ಕೋರ್ ಪಟ್ಟಿಯ ಪ್ರತಿಯೊಂದು ಸ್ಥಾನಕ್ಕೂ ಸಂಖ್ಯೆ ಕೊಟ್ಟು ಸ್ಥಾನಕ್ಕೆ ಸ್ಥಾನವನ್ನು ಬದಲಿಸುತ್ತದೆ. ನಮ್ಮ ವಾಚನಾಲಯದ ಕೆಳಗಿನ ಪದರದಲ್ಲಿ ಕನ್ನಡ, ಮಲೆಯಾಳ, ಇಂಗ್ಲಿಷ್ ಎಂದಿದ್ದು, ಪರೀಕ್ಷೆಗೆಂದು ಯಾರೋ ಮೇಲಿನ ಪದರದಲ್ಲಿ ಮಲೆಯಾಳ ಎಂದಷ್ಟೇ ಬರೆದರೆಂದು ಇಟ್ಟುಕೊಳ್ಳಿ. ಮೊದಲನೆಯ ವಿಧಾನದಲ್ಲಿ ಮಲೆಯಾಳವೊಂದೇ ಉಳಿಯುತ್ತದೆ. ಎರಡನೆಯದರಲ್ಲಿ ಮಲೆಯಾಳ, ಮಲೆಯಾಳ, ಇಂಗ್ಲಿಷ್ ಎಂದಾಗುತ್ತದೆ! ಬರೆದವನ ಮನಸ್ಸಿನಲ್ಲಿ ಇರಲೇ ಇಲ್ಲದ ಪಟ್ಟಿ ಅದು. ಸ್ವಂತ ಲೋಡರ್ ಬರೆಯುವವನು ಈ ಎರಡರಲ್ಲಿ ಒಂದನ್ನು ಮೊದಲೇ ಆಯ್ದು ಎಲ್ಲರಿಗೂ ತಿಳಿಯಪಡಿಸಬೇಕು. ಇಡೀ ಪಟ್ಟಿಯನ್ನು ಬದಲಿಸುವ ಕ್ರಮವೇ ಕಣ್ಣಿಗೆ ಕಾಣುವಂಥದಾದ್ದರಿಂದ ನಾವು ಅದರ ಪಕ್ಷ.

ಪರಿಸರದ ಬೆಲೆಗಳಿಗೆ ಹೆಸರಿಡುವಾಗ ಮನೆತನದ ಹೆಸರಿನಂತೆ ಒಂದು ಪೂರ್ವಪದ ಸೇರಿಸುವುದು ಅಗತ್ಯ. ಭಾಷೆಯನ್ನು ಬರಿದೆ ಲ್ಯಾಂಗ್ವೇಜ್ ಎಂಬ ಹೆಸರಿನಿಂದ ಓದಹೊರಟರೆ ಲಿನಕ್ಸ್ ಯಂತ್ರದಲ್ಲಿ ಬೇರೊಂದು ಕೆಲಸಕ್ಕಾಗಿ ಅದೇ ಹೆಸರು ಬಳಕೆಯಲ್ಲಿರುವುದುಂಟು. ಡೇಟಾಬೇಸಿನ ಬಳಕೆದಾರನನ್ನು ಯೂಸರ್‌ನೇಮ್ ಎಂದು ಕರೆದರೆ ವಿಂಡೋಸ್ ಯಂತ್ರದಲ್ಲಿ ಆ ಹೆಸರಿಗೆ ಯಂತ್ರದ ಮುಂದೆ ಕುಳಿತವನ ಹೆಸರೇ ಉತ್ತರವಾಗಿ ಬರುತ್ತದೆ. ವಾಚನಾಲಯ ಎಂಬ ಪೂರ್ವಪದ ಹಚ್ಚಿದರೆ ಈ ಗೊಂದಲವಿಲ್ಲ.

ಸೊನ್ನೆಯ ಕುಚೇಷ್ಟೆ

ಕಡತದಲ್ಲಿ ಬರೆದದ್ದು ಒಂದು, ಯಂತ್ರ ಓದಿದ್ದು ಇನ್ನೊಂದು ಆಗುವ ಸಂಭವವೂ ಉಂಟು. ಯಾಮಲ್ ಎಂಬ ಬರಹದ ಕ್ರಮ ಕಣ್ಣಿಗೆ ಸೊಗಸು. ಆದರೆ ಅದರ 1.1ನೇ ಆವೃತ್ತಿಯಲ್ಲಿ ಸೊನ್ನೆಯಿಂದ ಆರಂಭವಾಗಿ ಏಳನ್ನು ಮೀರದ ಅಂಕೆಗಳಿರುವ ಸಂಖ್ಯೆಯನ್ನು ಎಂಟರ ಲೆಕ್ಕದಲ್ಲಿ ಓದಬೇಕೆಂದು ನಿಯಮ. ಇದರ ಪರಿಣಾಮವನ್ನು ನಮ್ಮ ದೂರವಾಣಿ ಸಂಕೇತಗಳ ಮೇಲೆಯೇ ನೋಡಬಹುದು. ಕಾಸರಗೋಡಿನ 04994ರಲ್ಲಿ ಒಂಬತ್ತು ಇರುವುದರಿಂದ ಅದು ಬಚಾವು, ಬರೆದಂತೆಯೇ ಉಳಿಯುತ್ತದೆ. ಕಾಞಂಗಾಡಿನ 0467 ಮಾತ್ರ 311 ಆಗುತ್ತದೆ! ತಿರುವನಂತಪುರದ 0471 ಆಗುವುದು 313. ಮಂಗಳೂರಿನ 0824ರಲ್ಲಿ ಎಂಟು ಇರುವುದರಿಂದ ಅದಕ್ಕೂ ಭಯವಿಲ್ಲ. ಕಾಸರಗೋಡಿನಲ್ಲಿ ಕುಳಿತು ಪರೀಕ್ಷೆ ಮಾಡಿದವನಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಾಞಂಗಾಡಿನ ಶಾಖೆ ತೆರೆದ ದಿನ ಕರೆ ಎಲ್ಲಿಗೋ ಹೋಗುತ್ತದೆ.

ಬಾಗಿಲು ಹಾಕುವ ಹೊತ್ತಾದ 20:30ನ್ನೂ ಅದೇ ಆವೃತ್ತಿ ಅರುವತ್ತರ ಲೆಕ್ಕದಲ್ಲಿ 1230 ಎಂದು ಓದುತ್ತದೆ. ನಾರ್ವೆ ದೇಶದ ಎರಡಕ್ಷರದ ಸಂಕೇತ ಎನ್‌.ಓ. ಎಂಬುದನ್ನು 'ಇಲ್ಲ' ಎಂಬ ಉತ್ತರವೆಂದು ಭಾವಿಸುವ ಕಥೆಯಂತೂ ಈ ಕಸುಬಿನವರಲ್ಲಿ ಗಾದೆಯೇ ಆಗಿದೆ. 2009ರಲ್ಲಿ ಬಂದ 1.2ನೇ ಆವೃತ್ತಿ ಈ ವಕ್ರತೆಗಳನ್ನು ತಿದ್ದಿದರೂ ಹಳೆಯ ಕ್ರಮದಲ್ಲೇ ಓದುವ ಸಾಧನಗಳು ಇಂದಿಗೂ ಬಳಕೆಯಲ್ಲಿವೆ. ಪರಿಹಾರ ಸುಲಭ: ಅಕ್ಷರವಾಗಿ ಉಳಿಯಬೇಕಾದದ್ದನ್ನು ಉದ್ಧರಣ ಚಿಹ್ನೆಯೊಳಗೆ ಬರೆಯುವುದು.

ಪರಿಸರದಿಂದ ಬರುವ ಬೆಲೆಗಳ ತೊಂದರೆ ಇದಕ್ಕೆ ತದ್ವಿರುದ್ಧ. ಅಲ್ಲಿ ಎಲ್ಲವೂ ಬರಿಯ ಅಕ್ಷರಗಳೇ. ಪರೀಕ್ಷಾ ಸ್ಥಿತಿ ಬೇಡವೆಂದು ಫಾಲ್ಸ್ ಎಂಬ ಪದ ಬರೆದಿರುತ್ತೇವೆ. ಪೈಥಾನಿಗಾಗಲಿ ಜಾವಾಸ್ಕ್ರಿಪ್ಟಿಗಾಗಲಿ ಖಾಲಿಯಲ್ಲದ ಯಾವ ಪದವಾದರೂ 'ಹೌದು' ಎಂದೇ ಲೆಕ್ಕ. ಬೇಡ ಎಂದದ್ದು ಬೇಕು ಎಂದಾಗಿ, ಒಳಗಿನ ದೋಷವಿವರಗಳೆಲ್ಲ ಹೊರಗಿನವರ ಪರದೆಯ ಮೇಲೆ ಮೂಡುತ್ತವೆ. ಆದುದರಿಂದ ಯಾವ ಪದಗಳು ಹೌದು, ಯಾವುವು ಅಲ್ಲ ಎಂಬುದನ್ನು ಲೋಡರ್ ತಾನೇ ಪಟ್ಟಿ ಮಾಡಿಟ್ಟು, ಎರಡರಲ್ಲೂ ಇಲ್ಲದ್ದನ್ನು ತಿರಸ್ಕರಿಸಬೇಕು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ವಾಚನಾಲಯದ ಹೆಸರನ್ನು ಕಡತದಲ್ಲಿ ಕನ್ನಡದಲ್ಲೇ ಬರೆದಿದ್ದರೆ, ಅದನ್ನು ತೆರೆಯುವಾಗ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ವಿಂಡೋಸ್ ಯಂತ್ರದಲ್ಲಿ ಪೈಥಾನಿನ ಹಲವು ಆವೃತ್ತಿಗಳು ಯುರೋಪಿನ ಅಕ್ಷರಮಾಲೆಯನ್ನೇ ಊಹಿಸಿ ಕನ್ನಡವನ್ನು ಗೊಂದಲದ ರಾಶಿಯಾಗಿ ಮಾಡುತ್ತವೆ. ಟಾಮಲ್ ಕ್ರಮದಲ್ಲಾದರೆ ಕಡತ ಯುಟಿಎಫ್-8ರಲ್ಲಿಯೇ ಇರಬೇಕೆಂದು ವಿಧಿಯೇ ಉಂಟು.

ಆಟಕ್ಕೆ ಮುನ್ನ ತಪಾಸಣೆ

ಪದರಗಳು ಕೂಡಿದ ಮೇಲೆ, ಬಾಗಿಲು ತೆರೆಯುವ ಮೊದಲು, ಪೂರ್ತಿ ಪಟ್ಟಿಯನ್ನು ತಾಳೆ ನೋಡಬೇಕು. ಎರವಲಿನ ಅವಧಿ ಸಂಖ್ಯೆಯೇ? ಸೊನ್ನೆಗಿಂತ ಹೆಚ್ಚೇ? ಡೇಟಾಬೇಸಿನ ವಿಳಾಸ ಇದೆಯೇ? ಪಟ್ಟಿಯಲ್ಲಿ ಇರಬಾರದ ಹೆಸರು ಏನಾದರೂ ಇದೆಯೇ? ಈ ಕೊನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದಿಲ್ಲ. ಅವಧಿ ಎಂಬುದನ್ನು ಅವದಿ ಎಂದು ಬರೆದರೆ ಲೋಡರ್ ಅದನ್ನು ಮೌನವಾಗಿ ಬಿಟ್ಟು ಸಾಮಾನ್ಯ ಬೆಲೆಯನ್ನೇ ಎತ್ತಿಕೊಳ್ಳುತ್ತದೆ. ತಿದ್ದಿದವನು ತಾನು ತಿದ್ದಿದೆನೆಂದೇ ನಂಬಿರುತ್ತಾನೆ. ಗುರುತಿಲ್ಲದ ಹೆಸರನ್ನು ದೋಷವೆಂದೇ ಪರಿಗಣಿಸುವುದು ಲೇಸು.

ದೋಷ ಕಂಡರೆ ಪ್ರೋಗ್ರಾಮು ಏಳಲೇಬಾರದು. ಮಧ್ಯರಾತ್ರಿ ರಂಗದಲ್ಲಿ ಕಿರೀಟ ಕಳಚುವುದಕ್ಕಿಂತ ಚೌಕಿಯಲ್ಲೇ ಹಗ್ಗ ಬಿಗಿಯಾಗಿದೆಯೇ ಎಂದು ನೋಡುವುದು ಮೇಲಲ್ಲವೆ? ದೋಷಗಳನ್ನು ಒಂದೊಂದಾಗಿ ಹೇಳದೆ ಎಲ್ಲವನ್ನೂ ಒಟ್ಟಿಗೆ ಹೇಳಬೇಕು. ಯಾವ ಕಡತದ ಯಾವ ಹೆಸರಿನಲ್ಲಿ ತಪ್ಪಿದೆ, ಇರಬೇಕಾದದ್ದೇನು ಎಂಬುದನ್ನು ಸಾಮಾನ್ಯ ಭಾಷೆಯಲ್ಲಿ ತಿಳಿಸಬೇಕು. ರಾತ್ರಿ ಹನ್ನೆರಡಕ್ಕೆ ಅದನ್ನು ಓದುವವನು ಬರೆದವನೇ ಆಗಿರಬೇಕೆಂದಿಲ್ಲ.

ಒಂದು ಸಾಲಿನ ಮೇಲೆ ನಿಂತ ಭಾಷೆ

ನಮ್ಮ ಓದುಗರಿಗೆ ಹತ್ತಿರವಾದ ಸಂಗತಿ ಇಲ್ಲಿಯೇ ಇರುವುದು. ಜಾಲತಾಣವೊಂದರಲ್ಲಿ ಕನ್ನಡದ ಅಸ್ತಿತ್ವ ಎಂದರೆ ಅನೇಕ ಸಂದರ್ಭಗಳಲ್ಲಿ ಏರ್ಪಾಡು ಪಟ್ಟಿಯ ಒಂದೇ ಒಂದು ಸಾಲು. ಅನುವಾದ ಸಿದ್ಧವಾಗಿರುತ್ತದೆ, ಅಕ್ಷರ ಮೂಡುತ್ತದೆ. ಆ ಸಾಲು ತಪ್ಪಿದರೆ ಮಾತ್ರ ಪುಟ ಬೇರೊಂದು ಭಾಷೆಯಲ್ಲಿ ತೆರೆದುಕೊಳ್ಳುತ್ತದೆ. ಡೇಟಾಬೇಸಿನ ವಿಳಾಸ ತಪ್ಪಿದರೆ ತಾಣವೇ ನಿಂತು ಎಲ್ಲರಿಗೂ ಗೊತ್ತಾಗುತ್ತದೆ. ಭಾಷೆಯ ಸಾಲು ತಪ್ಪಿದರೆ ಯಾವ ಗಂಟೆಯೂ ಬಾರಿಸುವುದಿಲ್ಲ. ಬಹುಸಂಖ್ಯೆಯವರಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಅಲ್ಪಸಂಖ್ಯೆಯ ಓದುಗ ತನಗೆ ಸೇವೆಯೇ ಇಲ್ಲವೆಂದು ತಿಳಿದು ಸುಮ್ಮನೆ ಹಿಂತಿರುಗುತ್ತಾನೆ. ದೂರು ಬಾರದ ಕಾರಣ ತಪ್ಪು ವರ್ಷಗಟ್ಟಲೆ ಉಳಿದೀತು.

ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ಸಿಗದಿದ್ದರೆ ಮುಂದಿನದಕ್ಕೆ ಹೋಗು ಎಂಬ ಲೋಡರಿನ ಸಹಜ ಸೌಜನ್ಯವೇ ಇಲ್ಲಿ ಅನ್ಯಾಯವಾಗಿ ಪರಿಣಮಿಸುತ್ತದೆ. ಬೇಕೆಂದ ಭಾಷೆ ಇಲ್ಲದಾಗ ಯಾವುದಕ್ಕೆ ಇಳಿಯಬೇಕೆಂಬ ಕ್ರಮವನ್ನು ಅಂತರರಾಷ್ಟ್ರೀಯ ಒಡಂಬಡಿಕೆಗಳೂ ಒಪ್ಪಿವೆ: ಭಾರತದ ಕನ್ನಡವನ್ನು ಕೇಳಿ ಸಿಗದಿದ್ದರೆ ಬರಿಯ ಕನ್ನಡ, ಅದೂ ಇಲ್ಲದಿದ್ದರೆ ತಾಣದ ಸಾಮಾನ್ಯ ಭಾಷೆ. ಇಳಿಯುವುದು ತಪ್ಪಲ್ಲ, ಹೇಳದೆ ಇಳಿಯುವುದು ತಪ್ಪು. ಆದುದರಿಂದ ಭಾಷೆಗಳ ಪಟ್ಟಿಯನ್ನು ಕಡ್ಡಾಯದ ಸಾಲೆಂದು ಗುರುತಿಸಿ, ಅದಕ್ಕೆ ಸಾಮಾನ್ಯ ಬೆಲೆಯನ್ನೇ ಇಡದಿರುವುದು ಒಳ್ಳೆಯದು. ಪಟ್ಟಿಯಲ್ಲಿರುವ ಪ್ರತಿಯೊಂದು ಭಾಷೆಗೂ ಅನುವಾದದ ಕಡತ ಇದೆಯೇ ಎಂದು ಏಳುವಾಗಲೇ ನೋಡಬೇಕು, ಇಲ್ಲದಿದ್ದರೆ ಏಳಬಾರದು.

ಓಡುತ್ತಿರುವಾಗಲೇ ಬದಲಿಸುವುದು

ಪ್ರೋಗ್ರಾಮನ್ನು ನಿಲ್ಲಿಸದೆಯೇ ಹೊಸ ಪಟ್ಟಿಯನ್ನು ಓದಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದರ ಅಪಾಯವನ್ನು ತಿಳಿಯಲು 2025ರ ನವೆಂಬರ್ 18ನ್ನು ನೆನೆದರೆ ಸಾಕು. ಆ ದಿನ ನಮ್ಮ ಹೊತ್ತಿನ ಪ್ರಕಾರ ಸಂಜೆ 4 ಗಂಟೆ 50 ನಿಮಿಷದ ಸುಮಾರಿಗೆ ಕ್ಲೌಡ್‌ಫ್ಲೇರ್ ಸಂಸ್ಥೆಯ ಜಾಲ ಕುಸಿಯಿತು. ಎಕ್ಸ್, ಚಾಟ್‌ಜಿಪಿಟಿ ಸಹಿತ ಅಸಂಖ್ಯ ತಾಣಗಳು ತೆರೆಯದಾದವು. ಮೊದಲು ವೈರಿಗಳ ದಾಳಿಯೆಂಬ ಶಂಕೆ ಇತ್ತು. ನಿಜದಲ್ಲಿ ನಡೆದದ್ದು ಬೇರೆ. ಡೇಟಾಬೇಸಿನ ಅನುಮತಿಗಳಲ್ಲಿ ಮಾಡಿದ ಬದಲಾವಣೆಯಿಂದ ಒಂದು ಪಟ್ಟಿಯಲ್ಲಿ ಸಾಲುಗಳು ಇಮ್ಮಡಿಯಾಗಿ ಬಂದವು. ಐದೈದು ನಿಮಿಷಕ್ಕೊಮ್ಮೆ ಹೊಸದಾಗಿ ತಯಾರಾಗಿ ಎಲ್ಲ ಯಂತ್ರಗಳಿಗೂ ಹೋಗುತ್ತಿದ್ದ ಪಟ್ಟಿ ಅದು. ಓದುವ ಪ್ರೋಗ್ರಾಮು 200 ಅಂಶಗಳಿಗೆ ಮಾತ್ರ ಜಾಗ ಇಟ್ಟುಕೊಂಡಿತ್ತು. ಮಿತಿ ಮೀರಿದ ಪಟ್ಟಿಯನ್ನು ಬಿಟ್ಟು ಹಳೆಯದರಲ್ಲೇ ಮುಂದುವರಿಯುವ ಬದಲು ಅದು ತಾನೇ ನಿಂತುಹೋಯಿತು. ಹಳೆಯ ಒಳ್ಳೆಯ ಪಟ್ಟಿಯನ್ನು ಮತ್ತೆ ಇರಿಸಿದ ಮೇಲೆ ರಾತ್ರಿ 8ರ ಹೊತ್ತಿಗೆ ಸಂಚಾರ ಬಹುಮಟ್ಟಿಗೆ ಸರಿಹೋಯಿತು. ಪೂರ್ತಿ ಸರಿಯಾಗಲು ಹತ್ತೂವರೆ ದಾಟಿತು.

ಪಾಠ ಎರಡು. ಮನುಷ್ಯ ಬರೆದ ಪಟ್ಟಿಯನ್ನಷ್ಟೇ ಅಲ್ಲ, ನಮ್ಮದೇ ಯಂತ್ರ ತಯಾರಿಸಿದ ಪಟ್ಟಿಯನ್ನೂ ಸಂಶಯದಿಂದಲೇ ಓದಬೇಕು ಎಂಬುದೊಂದು. ಏಳುವಾಗ ತಪ್ಪು ಕಂಡರೆ ಏಳಬಾರದು, ಆದರೆ ಓಡುತ್ತಿರುವಾಗ ತಪ್ಪು ಕಂಡರೆ ಬೀಳಬಾರದು ಎಂಬುದು ಇನ್ನೊಂದು. ಹೊಸದನ್ನು ಪ್ರತ್ಯೇಕವಾಗಿ ಓದಿ, ಪೂರ್ತಿ ತಾಳೆ ನೋಡಿ, ಸರಿಯಿದ್ದರೆ ಒಂದೇ ಏಟಿಗೆ ಹಳೆಯದರ ಜಾಗದಲ್ಲಿ ಇರಿಸಬೇಕು. ಅರ್ಧ ಹಳತು ಅರ್ಧ ಹೊಸತು ಎಂಬ ಸ್ಥಿತಿ ಒಂದು ಕ್ಷಣವೂ ಇರಬಾರದು.

ಹಳೆಯ ಹೆಸರನ್ನು ಹೊಸ ಕೆಲಸಕ್ಕೆ ಹಚ್ಚುವುದೂ ಅಪಾಯವೇ. 2012ರ ಆಗಸ್ಟ್ 1ರಂದು ಅಮೇರಿಕದ ನೈಟ್ ಕ್ಯಾಪಿಟಲ್ ಎಂಬ ಶೇರು ವ್ಯವಹಾರದ ಸಂಸ್ಥೆ, ಹಿಂದೆ ಬೇರೊಂದು ಕೆಲಸಕ್ಕೆ ಇದ್ದ ಸಂಕೇತವನ್ನು ಹೊಸ ಕೆಲಸಕ್ಕೆ ಬಳಸಿತು. ಎಂಟು ಸರ್ವರುಗಳಲ್ಲಿ ಏಳಕ್ಕೆ ಮಾತ್ರ ಹೊಸ ಪ್ರೋಗ್ರಾಮು ಹೋಗಿತ್ತು. ಎಂಟನೆಯದು ಆ ಸಂಕೇತವನ್ನು ಹಳೆಯ ಅರ್ಥದಲ್ಲೇ ಓದಿತು. ಸುಮಾರು 45 ನಿಮಿಷಗಳ ವ್ಯವಹಾರದಿಂದಾದ ನಷ್ಟ 46 ಕೋಟಿ ಡಾಲರನ್ನು ಮೀರಿತ್ತು.

ಗುಟ್ಟು ಗುಟ್ಟಾಗಿಯೇ ಇರಲಿ

ಯಾವ ಬೆಲೆ ಎಲ್ಲಿಂದ ಬಂತೆಂಬುದನ್ನು ಲೋಡರ್ ಹೇಳಬಲ್ಲದಾದರೆ ಅರ್ಧ ತಲೆನೋವು ಕಡಿಮೆ. ಅವಧಿ 14, ಸ್ಥಳೀಯ ಕಡತದಿಂದ. ಭಾಷೆ, ಪರಿಸರದಿಂದ ಎಂಬಂತೆ. ಆದರೆ ಗುಟ್ಟಿನ ಪದದ ಸರದಿ ಬಂದಾಗ ಅದರ ಮೂಲವನ್ನು ಮಾತ್ರ ಹೇಳಿ ಬೆಲೆಯನ್ನು ನಕ್ಷತ್ರಚಿಹ್ನೆಗಳಿಂದ ಮರೆಮಾಡಬೇಕು. ದಾಖಲೆಯ ಪುಸ್ತಕಕ್ಕೆ ಒಮ್ಮೆ ಬಿದ್ದ ಗುಟ್ಟು ಎಷ್ಟು ಕೈ ದಾಟೀತೆಂದು ಹೇಳಲಾಗದು. ಪರಿಸರದಲ್ಲಿ ಇಟ್ಟದ್ದೂ ಆ ಪ್ರೋಗ್ರಾಮು ಹುಟ್ಟಿಸುವ ಮರಿ ಪ್ರೋಗ್ರಾಮುಗಳಿಗೆಲ್ಲ ಸಾಮಾನ್ಯವಾಗಿ ತಿಳಿಯುತ್ತದೆ. ಆದುದರಿಂದ ಗುಟ್ಟನ್ನು ಬೇರೆ ಕಡತದಲ್ಲಿಟ್ಟು, ಪಟ್ಟಿಯಲ್ಲಿ ಆ ಕಡತದ ದಾರಿಯನ್ನು ಮಾತ್ರ ಬರೆಯುವ ಪದ್ಧತಿ ಬಂದಿದೆ. ಇನ್ನು ಗುಟ್ಟಿನ ಪದ ಕೈತಪ್ಪಿ ಗಿಟ್ ಕಪಾಟಿಗೆ ಹೋಗಿದ್ದರೆ ಮರುದಿನ ಅಳಿಸಿದರಾಗದು. ಹಿಂದಿನ ಪ್ರತಿಗಳಲ್ಲಿ ಅದು ಉಳಿದೇ ಇರುತ್ತದೆ. ಕೀಲಿಕೈಯನ್ನು ಅಡಗಿಸುವುದಲ್ಲ, ಬೀಗವನ್ನೇ ಬದಲಿಸಬೇಕು.

ಈ ಕೆಲಸಕ್ಕೆ ಕೈ ಹಾಕುವ ಯುವಕರಿಗೆ ನಮ್ಮ ಸಲಹೆ ಇಷ್ಟೇ. ಲೋಡರ್ ಬರೆದು ಮುಗಿದ ಮೇಲೆ ಬೇಕೆಂದೇ ತಪ್ಪು ಪಟ್ಟಿಗಳನ್ನು ಅದರ ಮುಂದಿಡಿ. ಖಾಲಿ ಕಡತ, ಇಲ್ಲದ ಕಡತ, ಅಕ್ಷರ ತಪ್ಪಿದ ಹೆಸರು, 0467 ಎಂಬ ಸಂಕೇತ, ಫಾಲ್ಸ್ ಎಂಬ ಪದ, ಕನ್ನಡವನ್ನು ಬಿಟ್ಟ ಭಾಷಾಪಟ್ಟಿ. ಪ್ರತಿಯೊಂದಕ್ಕೂ ಅದು ಏನು ಹೇಳುತ್ತದೆಂದು ನೋಡಿ. ತಪ್ಪು ಪಟ್ಟಿಯನ್ನು ಓದಿಯೂ ಏನೂ ಹೇಳದೆ ಎದ್ದು ನಿಂತರೆ ಆ ಲೋಡರ್ ಇನ್ನೂ ಸಿದ್ಧವಾಗಿಲ್ಲ ಎಂದೇ ತಿಳಿಯಬೇಕು.